ಕೊನೆಯ ಸುತ್ತಿಗೆ 5 ನಿಮಿಷ 44 ಸೆಕೆಂಡು

1984ರ ಆಗಸ್ಟ್ 5, ಭಾನುವಾರ. ಲಾಸ್ ಏಂಜಲೀಸ್‌ನ ಕೊಲಿಸಿಯಂ ಕ್ರೀಡಾಂಗಣದ ಸುರಂಗದಿಂದ ಒಬ್ಬ ಮಹಿಳೆ ಟ್ರ್ಯಾಕಿಗೆ ಬಂದರು. ನಡುವಿನಿಂದ ಮೇಲೆ ದೇಹ ತಿರುಚಿಕೊಂಡಿತ್ತು. ಎಡಗೈ ಜೀವವಿಲ್ಲದಂತೆ ಜೋಲುತ್ತಿತ್ತು. ಬಲಗಾಲು ಮಡಚಲು ಬಾರದಷ್ಟು ಬಿಗಿದುಕೊಂಡಿತ್ತು. ಅದನ್ನು ಎತ್ತಿ ಇಡುವ ಬದಲು ಎಳೆದುಕೊಂಡೇ ಮುಂದೆ ಬರುತ್ತಿದ್ದರು. ಉಳಿದದ್ದು ಸುಮಾರು ನಾನೂರು ಮೀಟರ್. ಅಲ್ಲಿಯವರೆಗೆ ಓಡಿ ಬಂದ ವೇಗದಲ್ಲಾದರೆ ಅದು ಒಂದೂವರೆ ನಿಮಿಷದ ದಾರಿ. ಆ ದಿನ 5 ನಿಮಿಷ 44 ಸೆಕೆಂಡು ಹಿಡಿಯಿತು. ಮಗುವಿನ ಕೈ ಹಿಡಿದು ಶಾಲೆಗೆ ಕರೆದೊಯ್ಯುವ ತಾಯಿಯ ನಡಿಗೆಯ ವೇಗವದು.

ಅವರು ಸ್ವಿಟ್ಜರ್‌ಲೆಂಡಿನ ಗೇಬ್ರಿಯೆಲಾ ಆಂಡರ್ಸನ್-ಶೀಸ್. ಆ ಐದೂಮುಕ್ಕಾಲು ನಿಮಿಷಗಳನ್ನು ಜಗತ್ತು ನಲವತ್ತು ವರ್ಷಗಳಿಂದ ಛಲದ ಕಥೆಯಾಗಿ ನೋಡುತ್ತ ಬಂದಿದೆ. ಛಲವಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೂರದ ಓಟಗಳು ನಡೆಯುವಾಗ ವೈದ್ಯಕೀಯ ಡೇರೆಯಲ್ಲಿ ಕೂರುವ ನನಗೆ ಆ ದೃಶ್ಯ ಕಂಡಾಗಲೆಲ್ಲ ಬೇರೆಯೇ ಪ್ರಶ್ನೆ ಏಳುತ್ತದೆ. ಮುಂದೆ ಹೋಗುತ್ತೇನೆ ಎಂದು ಆ ಹೊತ್ತಿನಲ್ಲಿ ತೀರ್ಮಾನಿಸಿದ ಮಿದುಳು ಯಾವ ಸ್ಥಿತಿಯಲ್ಲಿತ್ತು? ದಣಿವು ಕಾಲಿಗೆ ಮಾತ್ರ ಬರುವುದಿಲ್ಲ. ಎಷ್ಟು ದಣಿದಿದ್ದೇನೆ ಎಂದು ಅಳೆಯಬೇಕಾದ ಅಂಗಕ್ಕೂ ಬರುತ್ತದೆ. ಈ ಪ್ರಕರಣವನ್ನು ಬಿಡಿಸಿ ನೋಡಬೇಕೆನಿಸಿದ್ದು ಅದಕ್ಕಾಗಿಯೇ.

ಓಟದ ಹಿನ್ನೆಲೆ

ಅದು ಒಲಿಂಪಿಕ್ಸ್‌ನ ಮೊಟ್ಟಮೊದಲ ಮಹಿಳಾ ಮ್ಯಾರಥಾನ್. ಅದರ ತೂಕ ತಿಳಿಯಬೇಕಾದರೆ 1928ರ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಬೇಕು. ಅಲ್ಲಿ ಮಹಿಳೆಯರ 800 ಮೀಟರ್ ಓಟ ಮುಗಿದಾಗ ಕೆಲವರು ದಣಿದು ನೆಲಕ್ಕೊರಗಿದ್ದನ್ನು ಪತ್ರಿಕೆಗಳು ದೊಡ್ಡ ಅನಾಹುತವೆಂಬಂತೆ ಬರೆದವು. ಗಂಡಸರೂ ಓಟ ಮುಗಿಸಿ ನೆಲಕ್ಕೊರಗುತ್ತಾರೆ. ಅದು ಹೀಗೆ ಸುದ್ದಿಯಾಗುತ್ತಿರಲಿಲ್ಲ. ಹೆಣ್ಣಿನ ದೇಹ ಇದನ್ನು ತಾಳದು ಎಂದು ಆ ಓಟವನ್ನೇ ಕೈಬಿಟ್ಟರು. ಅದು ಮರಳಿ ಬಂದದ್ದು 1960ರಲ್ಲಿ. 1,500 ಮೀಟರ್ ಸೇರಿದ್ದು 1972ರಲ್ಲಿ. ನಮಗೆ ಆ ಕೊಲಿಸಿಯಂ ನೆನಪಾಗುವುದು ಪಿ.ಟಿ. ಉಷಾ ಅವರಿಂದ. ಮ್ಯಾರಥಾನ್ ನಡೆದ ಮೂರು ದಿನಕ್ಕೆ, ಅದೇ ಟ್ರ್ಯಾಕಿನಲ್ಲಿ, ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ ಅವರಿಗೆ ಕಂಚು ತಪ್ಪಿತು. ಅವರು ಓಡಿದ 400 ಮೀಟರ್ ಹರ್ಡಲ್ಸ್ ಕೂಡ ಮಹಿಳೆಯರಿಗೆ ಅದೇ ವರ್ಷ ಮೊದಲ ಬಾರಿಗೆ ದಕ್ಕಿದ ಸ್ಪರ್ಧೆ.

ಹೀಗಾಗಿ ಅಂದು ಬೆಳಿಗ್ಗೆ ಸಾಂತಾ ಮೋನಿಕಾದಿಂದ ಹೊರಟ 50 ಮಂದಿಯಲ್ಲಿ ಪ್ರತಿಯೊಬ್ಬರೂ ತಮ್ಮ ಓಟವನ್ನಷ್ಟೇ ಓಡುತ್ತಿರಲಿಲ್ಲ. ಒಬ್ಬರು ಬಿದ್ದರೂ ‘ನಾವು ಆಗಲೇ ಹೇಳಿರಲಿಲ್ಲವೇ’ ಎನ್ನುವವರು ಕಾದು ಕುಳಿತಿದ್ದರು. ಕೊನೆಗೆ 44 ಮಂದಿ ಗುರಿ ಮುಟ್ಟಿದರು. ಅಮೆರಿಕದ ಜೋನ್ ಬೆನೊಯಿಟ್ 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಗೆದ್ದರು.

ಗೇಬ್ರಿಯೆಲಾ ಅವರಿಗೆ ಆಗ 39 ವರ್ಷ. ಅಮೆರಿಕದ ಐಡಾಹೊ ರಾಜ್ಯದ ಬೆಟ್ಟದೂರಿನಲ್ಲಿ ಸ್ಕೀಯಿಂಗ್ ಕಲಿಸುತ್ತಿದ್ದರು. ಹಿಂದಿನ ವರ್ಷ ಸ್ಯಾಕ್ರಮೆಂಟೊ ಮ್ಯಾರಥಾನನ್ನು 2 ಗಂಟೆ 33 ನಿಮಿಷಗಳಲ್ಲಿ ಗೆದ್ದಿದ್ದರು. ಅಭ್ಯಾಸವಿಲ್ಲದವರು ಉತ್ಸಾಹಕ್ಕೆ ಬಿದ್ದು ಓಡಿದ ಪ್ರಕರಣ ಇದಲ್ಲ. ಬೆಳಿಗ್ಗೆ ಎಂಟಕ್ಕೆ ಶುರುವಾದ ಓಟ ಮುಂದೆ ಹೋದಂತೆ ಬಿಸಿಲು ಏರಿತು. ಕೊನೆಯ ನೀರಿನ ಮೇಜು ಅವರಿಗೆ ತಪ್ಪಿಹೋಯಿತು. ಬೆನೊಯಿಟ್ ಗುರಿ ಮುಟ್ಟಿ ಹದಿನೆಂಟು ನಿಮಿಷ ಕಳೆದಿದ್ದಾಗ ಗೇಬ್ರಿಯೆಲಾ ಸುರಂಗದಿಂದ ಹೊರಬಂದರು.

ಆ ಒಂದು ಲೋಟ ನೀರಿನ ಮೇಲೆ ಎಲ್ಲ ಭಾರವನ್ನೂ ಹೊರಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಒಂದು ಲೋಟ ತಪ್ಪಿದ್ದರಿಂದ ಯಾರ ಮೈಯೂ ತಿರುಚಿಕೊಳ್ಳುವುದಿಲ್ಲ. ಎರಡೂವರೆ ಗಂಟೆಯಿಂದ ಮೈಯೊಳಗೆ ಏರುತ್ತಿದ್ದ ಸಾಲಕ್ಕೆ ಅದು ಕೊನೆಯ ಕಂತು.

ಕಾಲುಗಳಲ್ಲಿ

ಸ್ನಾಯು ಹೇಳಿಕೊಳ್ಳುವಂಥ ದಕ್ಷ ಯಂತ್ರವಲ್ಲ. ಅದು ಸುಡುವ ಇಂಧನದಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಮಾತ್ರ ಚಲನೆಗೆ ಸಿಗುತ್ತದೆ, ಮಿಕ್ಕದ್ದು ಶಾಖವಾಗುತ್ತದೆ. ಮ್ಯಾರಥಾನ್ ಓಡುವ ಒಬ್ಬರು ಎರಡು ಸಾವಿರ ಕಿಲೋ ಕ್ಯಾಲೊರಿಗೂ ಹೆಚ್ಚು ಶಕ್ತಿ ವ್ಯಯಿಸುತ್ತಾರೆ. ಅದರಲ್ಲಿ ಸಾವಿರದೈನೂರರಷ್ಟನ್ನು ದೇಹ ಶಾಖವಾಗಿ ಹೊರಹಾಕಲೇಬೇಕು. ಬಿಸಿಲಿನಲ್ಲಿ ಅದಕ್ಕಿರುವ ದಾರಿ ಹೆಚ್ಚಾಗಿ ಬೆವರೊಂದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಆವಿಯಾಗದೆ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಏನನ್ನೂ ಒಯ್ಯುವುದಿಲ್ಲ. ಮಂಗಳೂರು, ಕಾರವಾರಗಳಲ್ಲಿ ಓಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಬೆವರು ಬರುವುದು ರಕ್ತದ ನೀರಿನಿಂದ. ಗಂಟೆಗೆ ಒಂದು ಲೀಟರಿಗೂ ಮಿಕ್ಕಿ ಬೆವರಿದಾಗ ರಕ್ತದ ಪ್ರಮಾಣ ತಗ್ಗುತ್ತದೆ. ಉಳಿದ ರಕ್ತಕ್ಕಾಗಿ ಎರಡು ಕಡೆಯಿಂದ ಜಗ್ಗಾಟ: ಆಮ್ಲಜನಕ ಬೇಕೆಂದು ಸ್ನಾಯು, ಶಾಖ ಹೊರಹಾಕಬೇಕೆಂದು ಚರ್ಮ. ಹೃದಯದ ಒಂದೊಂದು ಬಡಿತಕ್ಕೂ ಹೊರಬೀಳುವ ರಕ್ತ ಕಡಿಮೆಯಾಗುವುದರಿಂದ ಬಡಿತಗಳ ಸಂಖ್ಯೆ ಏರುತ್ತದೆ. ವೇಗ ಹೆಚ್ಚಿಸದಿದ್ದರೂ ಓಟದ ಕೊನೆಯಲ್ಲಿ ಎದೆ ಡವಡವ ಹೊಡೆದುಕೊಳ್ಳುವುದು ಇದರಿಂದ.

ಇನ್ನು ಇಂಧನ. ದೇಹ ಸಕ್ಕರೆಯನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಡುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಒಟ್ಟು 400ರಿಂದ 500 ಗ್ರಾಂ. ಇಡೀ ಮೈಯಲ್ಲಿ ಅರ್ಧ ಕಿಲೋ ಸಕ್ಕರೆಯ ಪೊಟ್ಟಣದಷ್ಟು. ಕೊಬ್ಬು ಬೇಕಾದಷ್ಟಿದ್ದರೂ ವೇಗದ ಓಟಕ್ಕೆ ಬೇಕಾದ ಗತಿಯಲ್ಲಿ ಅದು ಉರಿಯದು. ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಡಬ್ಬಿಯ ತಳ ಕಾಣತೊಡಗುತ್ತದೆ. ಓಟಗಾರರು ‘ವಾಲ್’, ಅಂದರೆ ಗೋಡೆ, ಎನ್ನುವುದು ಇದಕ್ಕೇ.

ಇದನ್ನು ಕಣ್ಣಾರೆ ಕಂಡವರು ಸ್ಟಾಕ್‌ಹೋಮ್‌ನ ಯೋನಾಸ್ ಬರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹಲ್ಟ್‌ಮನ್. 1966ರಲ್ಲಿ ಅವರು ಪ್ರಕಟಿಸಿದ ಪ್ರಯೋಗವನ್ನು ನೆನೆದರೆ ನನಗೆ ಇಂದಿಗೂ ಬೆರಗು. ಇಬ್ಬರೂ ಒಂದೇ ವ್ಯಾಯಾಮ ಸೈಕಲ್ಲಿನ ಆಚೆ ಈಚೆ ಕುಳಿತು, ತಲಾ ಒಂದೇ ಕಾಲಿನಿಂದ, ಇನ್ನಾಗದು ಎನ್ನುವವರೆಗೆ ಪೆಡಲ್ ತುಳಿದರು. ಆಮೇಲೆ ತಮ್ಮ ತೊಡೆಗೆ ತಾವೇ ಸೂಜಿ ಚುಚ್ಚಿಸಿಕೊಂಡು ಚೂರು ಸ್ನಾಯು ಹೊರತೆಗೆದು ಅಳೆದರು. ತುಳಿದ ಕಾಲಿನಲ್ಲಿ ಗ್ಲೈಕೋಜೆನ್ ಬರಿದಾಗಿತ್ತು. ಸುಮ್ಮನಿದ್ದ ಕಾಲಿನಲ್ಲಿ ಹಾಗೇ ಇತ್ತು. ಒಂದೇ ದೇಹ, ಒಂದೇ ರಕ್ತ, ಆದರೂ ತುಂಬಿದ ಕಾಲು ಬರಿದಾದ ಕಾಲಿಗೆ ಕಡ ಕೊಡಲಿಲ್ಲ. ಸ್ನಾಯುವಿನೊಳಗೆ ಸೇರಿದ ಗ್ಲೈಕೋಜೆನ್ ಗ್ಲುಕೋಸಾಗಿ ರಕ್ತಕ್ಕೆ ಮರಳಲು ಬೇಕಾದ ಕಿಣ್ವ ಅಲ್ಲಿಲ್ಲ. ಆ ಕಿಣ್ವ ಇರುವುದು ಯಕೃತ್ತಿನಲ್ಲಿ. ಹಾಗಾಗಿ ತೊಡೆಯ ಸಕ್ಕರೆ ತೊಡೆಗೇ, ಮಿದುಳನ್ನು ಸಾಕುವ ಹೊಣೆ ಯಕೃತ್ತಿನದು.

ಗ್ಲೈಕೋಜೆನ್ ತಗ್ಗಿದಾಗ ಸ್ನಾಯು ಏಕೆ ಸೋಲುತ್ತದೆ? ಎಣ್ಣೆ ಮುಗಿದು ದೀಪ ಆರಿದಂತೆ ಎನ್ನುವುದು ಪೂರ್ತಿ ಸರಿಯಲ್ಲ. ಸ್ನಾಯುವಿನ ಎಳೆ ಸಂಕುಚಿಸಬೇಕಾದರೆ ಅದರೊಳಗಿನ ಸಣ್ಣ ಚೀಲಗಳಿಂದ ಕ್ಯಾಲ್ಸಿಯಂ ಹೊರಬರಬೇಕು. ಗ್ಲೈಕೋಜೆನ್‌ನ ಕೆಲವು ಕಣಗಳು ಆ ಚೀಲಗಳ ಪಕ್ಕದಲ್ಲೇ ಇರುತ್ತವೆ. ಅವು ಖಾಲಿಯಾದಂತೆ ಕ್ಯಾಲ್ಸಿಯಂ ಹೊರಬರುವುದು ಕುಂದುತ್ತದೆ. ನರದಿಂದ ಆಜ್ಞೆ ಬರುತ್ತದೆ, ಎಳೆಯೂ ಆರೋಗ್ಯವಾಗಿರುತ್ತದೆ, ನಡುವಿನ ಕೊಂಡಿ ಮಾತ್ರ ಸಡಿಲವಾಗಿರುತ್ತದೆ. ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡು ಕಾಲು ಕಟ್ಟುತ್ತದೆ ಎಂಬ ಹಳೆಯ ಮಾತು ಇಂದಿಗೂ ಮೈದಾನಗಳಲ್ಲಿ ಕೇಳಿಬರುತ್ತದೆ. ಮ್ಯಾರಥಾನಿಗೆ ಅದು ಹೊಂದುವುದಿಲ್ಲ. ಇಷ್ಟು ದೀರ್ಘ ಓಟದಲ್ಲಿ ಲ್ಯಾಕ್ಟೇಟ್ ಹೆಚ್ಚು ಏರುವುದೇ ಇಲ್ಲ. ಇದ್ದದ್ದನ್ನೂ ಹೃದಯ, ಸ್ನಾಯು, ಮಿದುಳು ಇಂಧನವಾಗಿ ಬಳಸಿಕೊಳ್ಳುತ್ತವೆ.

ಇಷ್ಟೇ ಆಗಿದ್ದರೆ ಗೇಬ್ರಿಯೆಲಾ ನಿಧಾನವಾಗುತ್ತಿದ್ದರು. ಎರಡೂ ಕಾಲು ಸಮನಾಗಿ ಭಾರವಾಗಿ, ಹೆಜ್ಜೆ ಚಿಕ್ಕದಾಗಿ, ನೆಟ್ಟಗೆ ನಡೆದು ಬರುತ್ತಿದ್ದರು. ಇಂಧನ ಮುಗಿದ ಓಟಗಾರರನ್ನು ನಾನು ನೂರಾರು ಬಾರಿ ನೋಡಿದ್ದೇನೆ. ಅವರು ಸಪ್ಪೆ ಮುಖ ಹೊತ್ತು ನಡೆಯುತ್ತಾರೆ, ಬಾಳೆಹಣ್ಣು ಕೊಟ್ಟರೆ ತಿನ್ನುತ್ತಾರೆ. ಒಂದು ಕೈ ಜೋತು, ಒಂದು ಕಾಲು ಬಿಗಿದು, ಮೈ ವಾಲಿ, ನಡುನಡುವೆ ನಿಂತು ತಲೆ ಹಿಡಿದುಕೊಳ್ಳುವುದು ಬೇರೆಯೇ ಚಿತ್ರ. ಅಲ್ಲಿ ಕೈಕಾಲುಗಳನ್ನು ಹೊಂದಿಸಿ ನಡೆಸುವ ನರಮಂಡಲವೇ ತತ್ತರಿಸುತ್ತಿತ್ತು ಎಂಬುದು ನನ್ನ ತೀರ್ಮಾನ.

ತಲೆಯಲ್ಲಿ

‘ಕಾಲು ಸೋತಿತು’ ಎನ್ನುತ್ತೇವೆ. ಸೋತದ್ದು ಕಾಲೇ ಎಂದು ನಂಬಿಕೊಂಡ ಮಾತದು. ಆ ನಂಬಿಕೆಯನ್ನು ಅಲುಗಾಡಿಸಿದ ಒಂದು ಪ್ರಯೋಗ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ನಡೆಯಿತು. 2001ರಲ್ಲಿ ಪ್ರಕಟವಾದ ಅದನ್ನು ಮಾಡಿದವರು ಲಾರ್ಸ್ ನೀಬೊ ಮತ್ತು ಬೋಡಿಲ್ ನೀಲ್ಸನ್. 14 ಮಂದಿಯನ್ನು ಒಮ್ಮೆ 40 ಡಿಗ್ರಿ ಬಿಸಿಯ ಕೋಣೆಯಲ್ಲಿ, ಇನ್ನೊಮ್ಮೆ 18 ಡಿಗ್ರಿಯ ತಂಪು ಕೋಣೆಯಲ್ಲಿ ಸೈಕಲ್ ತುಳಿಯಲು ಹಚ್ಚಿದರು. ಬಿಸಿಯಲ್ಲಿ ದೇಹದೊಳಗಿನ ಉಷ್ಣತೆ 40 ಡಿಗ್ರಿಗೆ ಏರಿತು, ತಂಪಿನಲ್ಲಿ 38ರಲ್ಲಿ ನಿಂತಿತು. ಇಳಿದ ಕೂಡಲೇ ಎರಡು ನಿಮಿಷ ಮಂಡಿಯನ್ನು ಪೂರ್ತಿ ಬಲ ಹಾಕಿ ಚಾಚಿ ಹಿಡಿಯಬೇಕು. ಅವರು ಬಲ ಹಾಕುತ್ತಿರುವಾಗಲೇ ನರಕ್ಕೆ ವಿದ್ಯುತ್ ಮಿಡಿತ ಕೊಡಲಾಗುತ್ತಿತ್ತು. ಇದು ಹಳೆಯ, ಚೆಂದದ ಉಪಾಯ. ಸ್ನಾಯು ತನ್ನ ಬಲವನ್ನೆಲ್ಲ ಹಾಕಿಯಾಗಿದ್ದರೆ ಆ ಮಿಡಿತದಿಂದ ಹೆಚ್ಚೇನೂ ಆಗದು. ಬಲ ಇನ್ನೂ ಹೆಚ್ಚಿದರೆ ಸ್ನಾಯುವಿನಲ್ಲಿ ಶಕ್ತಿ ಉಳಿದಿದೆ, ಮಿದುಳು ಅದನ್ನು ಕರೆಯುತ್ತಿಲ್ಲ ಎಂದರ್ಥ.

ತಂಪಿನಲ್ಲಿ, ಎರಡು ನಿಮಿಷದ ಕೊನೆಗೆ, ಮಿದುಳು ಸ್ನಾಯುವಿನ ಶೇ 82ರಷ್ಟನ್ನು ದುಡಿಸುತ್ತಿತ್ತು. ಬಿಸಿಯಲ್ಲಿ ಅದು ಶೇ 54ಕ್ಕೆ ಇಳಿಯಿತು. ವಿದ್ಯುತ್ತಿನಿಂದ ಎಬ್ಬಿಸಿದಾಗ ಸ್ನಾಯುವಿನ ಒಟ್ಟು ಶಕ್ತಿ ಎರಡೂ ಕಡೆ ಒಂದೇ. ಕಾಲಿನಲ್ಲಿ ಶಕ್ತಿ ಇತ್ತು. ಮೇಲಿನಿಂದ ಬರಬೇಕಾದ ಆಜ್ಞೆಯೇ ಕ್ಷೀಣಿಸಿತ್ತು.

1999ರ ಇನ್ನೊಂದು ಪ್ರಯೋಗದಲ್ಲಿ ಏಳು ಮಂದಿ ಸೈಕಲ್ ಪಟುಗಳನ್ನು ಮೊದಲು ನೀರಿನಲ್ಲಿ ಕೂರಿಸಿ, ಒಮ್ಮೆ ತಂಪಾಗಿ, ಒಮ್ಮೆ ಬಿಸಿಯಾಗಿ, ಒಮ್ಮೆ ಸಹಜ ಉಷ್ಣತೆಯಲ್ಲಿ ಸೈಕಲ್ ತುಳಿಯಲು ಬಿಟ್ಟರು. ತಂಪಾಗಿ ಹೊರಟವರು ಸುಮಾರು 63 ನಿಮಿಷ ತುಳಿದರು, ಸಹಜವಾಗಿ ಹೊರಟವರು 46, ಬಿಸಿಯಾಗಿ ಹೊರಟವರು 28. ಆದರೆ ಎಲ್ಲರೂ ಕೈಚೆಲ್ಲಿದ್ದು ದೇಹದೊಳಗಿನ ಉಷ್ಣತೆ 40 ಡಿಗ್ರಿ ದಾಟಿದ ಅದೇ ಬಿಂದುವಿನ ಆಸುಪಾಸಿನಲ್ಲಿ. ಮಿದುಳು ಅಲ್ಲಿ ತಡೆಗೋಲು ಹಾಕುತ್ತದೆ. ಇದು ಸೋಮಾರಿತನವಲ್ಲ, ಕಾವಲು.

ಸಕ್ಕರೆಯ ಲೆಕ್ಕವೂ ಮಿದುಳಿಗೆ ಸೇರುತ್ತದೆ. ದೇಹದ ತೂಕದ ಶೇ 2ರಷ್ಟಿರುವ ಮಿದುಳು ವಿಶ್ರಾಂತಿಯಲ್ಲಿ ದೇಹದ ಶಕ್ತಿಯ ಶೇ 20ರಷ್ಟನ್ನು ಬಳಸುತ್ತದೆ, ಅದರ ಮುಖ್ಯ ಇಂಧನ ಗ್ಲುಕೋಸ್. 1924ರ ಬಾಸ್ಟನ್ ಮ್ಯಾರಥಾನಿನಲ್ಲಿ ವೈದ್ಯರು ಓಟಗಾರರ ರಕ್ತ ಪರೀಕ್ಷಿಸಿದಾಗ, ಪೂರ್ತಿ ಬಳಲಿ ಬಂದವರಲ್ಲಿ ಸಕ್ಕರೆ ತೀರಾ ಇಳಿದಿತ್ತು. ಮುಂದಿನ ವರ್ಷ ಕೆಲವರಿಗೆ ಓಡುವಾಗ ಮಿಠಾಯಿ ತಿನ್ನಲು ಹೇಳಿದರು. ಅವರು ಬಂದು ಸೇರಿದಾಗ ಸ್ಥಿತಿ ಎಷ್ಟೋ ಚೆನ್ನಾಗಿತ್ತು. ಇದಕ್ಕಿಂತ ಕುತೂಹಲದ್ದು 2004ರ ಬ್ರಿಟನ್ನಿನ ಪ್ರಯೋಗ. ಸುಮಾರು ಒಂದು ಗಂಟೆಯ ಸೈಕಲ್ ಸ್ಪರ್ಧೆಯಲ್ಲಿ ಪಿಷ್ಟದ ದ್ರಾವಣವನ್ನು ಬಾಯಿ ಮುಕ್ಕಳಿಸಿ ಉಗುಳಿದವರು, ಬರೀ ನೀರು ಮುಕ್ಕಳಿಸಿದವರಿಗಿಂತ ಶೇ 2.9ರಷ್ಟು ಬೇಗ ಮುಗಿಸಿದರು. ಒಂದು ತೊಟ್ಟೂ ಹೊಟ್ಟೆಗೆ ಹೋಗಿರಲಿಲ್ಲ. ಊಟ ಬರುತ್ತಿದೆ ಎಂದು ನಾಲಗೆ ಸುದ್ದಿ ಮುಟ್ಟಿಸಿದ್ದಕ್ಕೇ ಮಿದುಳು ತಡೆಗೋಲನ್ನು ಸ್ವಲ್ಪ ಮೇಲೆತ್ತಿತು.

ಗೇಬ್ರಿಯೆಲಾ ಅವರ ವಾಲಾಟಕ್ಕೆ ಬಂದರೆ, ನನ್ನ ಗಮನ ಹೋಗುವುದು ತಲೆಯ ಹಿಂಭಾಗದ ಕಿರುಮಿದುಳಿಗೆ. ಹೆಜ್ಜೆಗೆ ಹೆಜ್ಜೆ ಹೊಂದಿಸುವುದು, ಮೈ ತೂಗದಂತೆ ಹಿಡಿಯುವುದು ಅದರ ಕೆಲಸ. ಅಲ್ಲಿನ ಪರ್ಕಿಂಜೆ ಎಂಬ ನರಕೋಶಗಳು ಶಾಖಕ್ಕೆ ಬಹಳ ಬೇಗ ನಲುಗುತ್ತವೆ. ತೀವ್ರ ಉಷ್ಣಾಘಾತದಿಂದ ಬದುಕುಳಿದ ಕೆಲವರಿಗೆ ನಡಿಗೆಯ ತೂರಾಟ ಕಾಯಂ ಉಳಿದುಬಿಡುವುದೂ ಉಂಟು. ಗೇಬ್ರಿಯೆಲಾ ಅವರದು ಅಷ್ಟು ದೂರ ಹೋಗಲಿಲ್ಲ. ಆದರೆ ಆ ದಾರಿಯಲ್ಲಿದ್ದರು.

ಯಾರು ನಿಲ್ಲಿಸಬೇಕಿತ್ತು

ಗೇಬ್ರಿಯೆಲಾ ಟ್ರ್ಯಾಕಿಗೆ ಬಂದಾಗ ವೈದ್ಯಕೀಯ ಸಿಬ್ಬಂದಿ ಓಡಿಬಂದರು. ಅವರನ್ನು ಗೇಬ್ರಿಯೆಲಾ ಕೈಬೀಸಿ ದೂರ ಸರಿಸಿದರು. ಯಾರಾದರೂ ಮುಟ್ಟಿದರೆ ಅನರ್ಹ ಎಂಬುದು ಆಗಿನ ನಿಯಮ. ಬೆವರು ಬರುತ್ತಿದೆ, ದೇಹ ಇನ್ನೂ ಶಾಖ ಹೊರಹಾಕುತ್ತಿದೆ ಎಂದು ಕಂಡು ವೈದ್ಯರು ಬಿಟ್ಟರು. ಆಚೆ ಈಚೆ ನಡೆದರು, ಕೈ ಚಾಚಿ ಹಿಂತೆಗೆದರು. ಜನ ಎದ್ದುನಿಂತು ಕೂಗುತ್ತಿದ್ದರು. ಗುರಿ ದಾಟುತ್ತಲೇ ಅವರು ಸಿಬ್ಬಂದಿಯ ತೋಳುಗಳಿಗೆ ಕುಸಿದರು. 2 ಗಂಟೆ 48 ನಿಮಿಷ 42 ಸೆಕೆಂಡು, 37ನೆಯ ಸ್ಥಾನ. ಶಾಖದ ಬಳಲಿಕೆಗೆ ಚಿಕಿತ್ಸೆ ಕೊಟ್ಟು ಎರಡು ಗಂಟೆಯಲ್ಲಿ ಬಿಟ್ಟು ಕಳಿಸಿದರು. ಬೇರೆ ಯಾವ ಓಟವಾಗಿದ್ದರೂ ನಿಲ್ಲುತ್ತಿದ್ದೆ, ಒಲಿಂಪಿಕ್ಸ್ ಮತ್ತೆ ಸಿಗುವುದಿಲ್ಲವೆಂದು ನಿಲ್ಲಲಿಲ್ಲ ಎಂಬ ಅರ್ಥದ ಮಾತನ್ನು ಅವರು ಮುಂದೆ ಆಡಿದರು.

ಆ ವೈದ್ಯರನ್ನು ದೂರಲು ನನಗೆ ಮನಸ್ಸಿಲ್ಲ. ಆದರೂ ಒಂದು ಮಾತು ಹೇಳಲೇಬೇಕು: ಬೆವರುತ್ತಿದ್ದಾರೆ ಎಂಬುದು ಅಭಯವಲ್ಲ. ಬಿಸಿಗಾಳಿಗೆ ಸಿಕ್ಕ ವೃದ್ಧರಲ್ಲಿ ಚರ್ಮ ಒಣಗಿರಬಹುದು. ಓಡುತ್ತ ಉಷ್ಣಾಘಾತಕ್ಕೆ ಒಳಗಾದವರು ಬೆವರಿನಲ್ಲಿ ತೊಯ್ದಿರುವುದೇ ಹೆಚ್ಚು. ನೋಡಬೇಕಾದ್ದು ಎರಡು: ಗುದದ್ವಾರದಲ್ಲಿ ಅಳೆದ ಉಷ್ಣತೆ ಮತ್ತು ಬುದ್ಧಿಯ ಸ್ಥಿತಿ. ಹಣೆಗೆ ಹಿಡಿಯುವ ಥರ್ಮಾಮೀಟರ್ ಇಲ್ಲಿ ದಾರಿ ತಪ್ಪಿಸುತ್ತದೆ.

ಬುದ್ಧಿ ಮಂಕಾದದ್ದು ಹೇಗೆ ಕಾಣುತ್ತದೆ ಎನ್ನುವುದಕ್ಕೆ 1908ರ ಲಂಡನ್ ಒಲಿಂಪಿಕ್ಸ್ ಮ್ಯಾರಥಾನ್ ಸಾಕು. ಇಟಲಿಯ ದೊರಾಂದೊ ಪಿಯೆತ್ರಿ ಎಲ್ಲರಿಗಿಂತ ಮೊದಲು ಕ್ರೀಡಾಂಗಣಕ್ಕೆ ಬಂದು ತಿರುಗಿದ್ದು ತಪ್ಪು ದಿಕ್ಕಿಗೆ. ಮತ್ತೆ ಮತ್ತೆ ಬಿದ್ದರು. ಅಧಿಕಾರಿಗಳು ಎತ್ತಿ ಗುರಿ ದಾಟಿಸಿದರು, ಆ ನೆರವಿಗಾಗಿಯೇ ಪದಕ ಹೋಯಿತು. 1954ರಲ್ಲಿ ವ್ಯಾಂಕೂವರ್‌ನಲ್ಲಿ ನಡೆದ ಮ್ಯಾರಥಾನಿನಲ್ಲಿ ಇಂಗ್ಲೆಂಡಿನ ಜಿಮ್ ಪೀಟರ್ಸ್ ಎರಡನೆಯವರಿಗಿಂತ 17 ನಿಮಿಷ ಮುಂದಿದ್ದರು. ನಿಧಾನವಾಗಿ ನಡೆದಿದ್ದರೂ ಗೆಲ್ಲುತ್ತಿದ್ದರು. ಆ ಸರಳ ಲೆಕ್ಕ ಅವರ ತಲೆಯಲ್ಲಿ ಮೂಡಲಿಲ್ಲ. ಹದಿನಾರಾಣೆ ಶಕ್ತಿ ಸುರಿದು, ಟ್ರ್ಯಾಕಿನ ಮೇಲೆ ಬಿದ್ದು ಎದ್ದು, ಗುರಿ ಮುಟ್ಟದೆ ಆಸ್ಪತ್ರೆ ಸೇರಿದರು. ಮತ್ತೆಂದೂ ಸ್ಪರ್ಧೆಗೆ ಇಳಿಯಲಿಲ್ಲ. 1967ರ ಜುಲೈ 13ರಂದು ಫ್ರಾನ್ಸಿನ ಮೋಂಟ್ ವೆಂಟೂ ಬೆಟ್ಟದ ಬಿಸಿಲಿನಲ್ಲಿ ಬ್ರಿಟನ್ನಿನ ಸೈಕಲ್ ಪಟು ಟಾಮ್ ಸಿಂಪ್ಸನ್ ಬಿದ್ದರು, ಮತ್ತೆ ಸೈಕಲ್ ಹತ್ತಿದರು, ಮತ್ತೆ ಬಿದ್ದು ತೀರಿಕೊಂಡರು. ಮೈಯಲ್ಲಿ ಆಂಫೆಟಮೈನ್ ಎಂಬ ಉತ್ತೇಜಕ ಇತ್ತು. ಕಾವಲುಗಾರನ ಬಾಯಿ ಕಟ್ಟುವ ಮದ್ದು ಅದು. ಶಾಖ ಏರುತ್ತಲೇ ಇರುತ್ತದೆ, ಏರಿದ್ದು ಮಾತ್ರ ತಿಳಿಯುವುದಿಲ್ಲ.

ಲಾಸ್ ಏಂಜಲೀಸ್‌ನ ಆ ದೃಶ್ಯದ ನಂತರ ನಿಯಮ ಬದಲಾಯಿತು. ಈಗ ವೈದ್ಯರು ಓಟಗಾರರನ್ನು ಮುಟ್ಟಿ ಪರೀಕ್ಷಿಸಬಹುದು, ಅಷ್ಟಕ್ಕೇ ಅನರ್ಹತೆಯಿಲ್ಲ. ಚಿಕಿತ್ಸೆಯ ದಾರಿಯೂ ಸ್ಪಷ್ಟವಾಗಿದೆ: ಮೊದಲು ಮಂಜುಗಡ್ಡೆ ಬೆರೆಸಿದ ನೀರಿನ ತೊಟ್ಟಿ, ಆಮೇಲೆ ಆಂಬ್ಯುಲೆನ್ಸ್. ಅಮೆರಿಕದ ಫಾಲ್ಮತ್ ಓಟದಲ್ಲಿ 18 ವರ್ಷಗಳಲ್ಲಿ ಉಷ್ಣಾಘಾತಕ್ಕೊಳಗಾದ 274 ಮಂದಿಯನ್ನು ಹೀಗೆ ತಣ್ಣೀರಿನಲ್ಲಿ ಮುಳುಗಿಸಿ ಉಪಚರಿಸಿದರು. 274 ಮಂದಿಯೂ ಬದುಕಿದರು.

ಎರಡು ವರ್ಷದ ಹಿಂದೆ ಕರಾವಳಿಯ ಒಂದು ಅರ್ಧ ಮ್ಯಾರಥಾನಿನಲ್ಲಿ ನಲವತ್ತರ ಆಸುಪಾಸಿನ ಒಬ್ಬರು ಗುರಿಗೆ ಇನ್ನೂರು ಮೀಟರ್ ಇರುವಾಗ ವಾಲತೊಡಗಿದರು. ಒಂದು ಕಾಲಿನ ಶೂ ಇರಲಿಲ್ಲ. ನಾನು ಓಡಿಹೋಗಿ ತೋಳು ಹಿಡಿದೆ. “ನಿಮ್ಮ ಹೆಸರೇನು?” ಎಂದೆ. “ಚೆನ್ನಾಗಿದ್ದೇನೆ ಡಾಕ್ಟ್ರೇ” ಎಂದರು. “ಇವತ್ತು ಯಾವ ವಾರ?” “ಚೆನ್ನಾಗಿದ್ದೇನೆ.” “ಯಾರ ಜೊತೆ ಬಂದಿದ್ದೀರಿ?” “ಚೆನ್ನಾಗಿದ್ದೇನೆ, ಬಿಡಿ, ಇಲ್ಲೇ ಇದೆಯಲ್ಲ.” ಬೇಲಿಯಾಚೆ ನಿಂತವರು ಅವರನ್ನು ಬಿಡಿ ಎಂದು ನನ್ನ ಮೇಲೆ ಕೂಗಿದರು. ನಾನು ಬಿಡಲಿಲ್ಲ. ಒಳಗಿನ ಉಷ್ಣತೆ 41ರ ಹತ್ತಿರವಿತ್ತು. ಕತ್ತಿನವರೆಗೆ ಮಂಜುನೀರಿನಲ್ಲಿ ಕೂರಿಸಿ, ತಲೆಗೆ ಒದ್ದೆ ಬಟ್ಟೆ ಹಾಕಿ, ನಾಲ್ವರು ಸುತ್ತ ನೀರು ಕಲಕುತ್ತ ನಿಂತೆವು. ಸುಮಾರು ಹನ್ನೆರಡು ನಿಮಿಷ ಕಳೆದಿರಬೇಕು. ಅವರು ಕಣ್ಣು ಕಿರಿದು ಮಾಡಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು, ನೀರಿನೊಳಗಿದ್ದ ತಮ್ಮ ಕಾಲುಗಳನ್ನು ನೋಡಿಕೊಂಡರು.

“ನನ್ನ ಇನ್ನೊಂದು ಶೂ ಎಲ್ಲಿ?” ಎಂದು ಕೇಳಿದರು.